ತುಕ್ಕು ಹಿಡಿದ ಹಳೆ ಫೋರ್ ವೀಲ್ ಡ್ರೈವ್: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ಒಂದೇ ಬೆಲೆಗೆ ಎರಡು ಹಳೆ ಜೀಪುಗಳು ಮುಂದಿವೆ ಅಂದುಕೊಳ್ಳಿ. ಒಂದರ ಬಾಗಿಲಿನ ಕೆಳಗೆಲ್ಲ ತೂತು, ಬಾನೆಟ್ ಮೇಲೆ ಬಣ್ಣವೇ ಉಳಿದಿಲ್ಲ, ಕಾಲಿಡುವ ತಗಡಿನಲ್ಲಿ ನೆಲ ಕಾಣುತ್ತದೆ. ಇನ್ನೊಂದು ಹೊಸ ಬಣ್ಣ ಬಳಿಸಿಕೊಂಡು ಹೊಳೆಯುತ್ತಿದೆ, ಕೀ ತಿರುಗಿಸಿದ ಕೂಡಲೇ ಇಂಜಿನ್ ಸ್ಟಾರ್ಟ್ ಆಗುತ್ತದೆ. ಆದರೆ ಹಿಂದಿನ ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಾಸಿಗೆ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟಿಗೆ, ಸ್ಕ್ರೂಡ್ರೈವರ್ ಒತ್ತಿದರೆ ಮೊನೆ ಒಳಗಿಳಿಯುತ್ತದೆ. ನೋಡಲು ಹೋದವರಲ್ಲಿ ಹೆಚ್ಚಿನವರು ಎರಡನೆಯದಕ್ಕೆ ಮನಸೋಲುತ್ತಾರೆ. ಕೊಳ್ಳಬೇಕಾದದ್ದು ಚಾಸಿ ಗಟ್ಟಿಯಿರುವ ಮೊದಲನೆಯದನ್ನು.

ಬಾಗಿಲು, ಬಾನೆಟ್, ಮಡ್‌ಗಾರ್ಡ್, ಸೀಟು, ಇಂಜಿನ್, ಗೇರ್‌ಬಾಕ್ಸ್ ಎಲ್ಲವೂ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತವೆ. ಹಾಳಾದದ್ದನ್ನು ತೆಗೆದು ಬೇರೆಯದನ್ನು ಕೂರಿಸಬಹುದು. ಚಾಸಿ ಹಾಗಲ್ಲ. ಅದನ್ನು ಬದಲಿಸಬೇಕಾದರೆ ಮೇಲಿನದ್ದೆಲ್ಲ ಇಳಿಯಬೇಕು, ವೈರಿಂಗ್ ಬಿಚ್ಚಬೇಕು, ಬ್ರೇಕ್ ಪೈಪು ಹೊಸದಾಗಿ ಎಳೆಯಬೇಕು, ನಂಬರಿನ ದಾಖಲೆಯನ್ನೂ ಸರಿಪಡಿಸಿಕೊಳ್ಳಬೇಕು. ಆದ್ದರಿಂದ ಹಳೆ ಗಾಡಿಗೆ ಬೆಲೆ ಕಟ್ಟುವಾಗ ತುಕ್ಕು ಎಷ್ಟಿದೆ ಎಂದು ಅಳೆಯುವ ಮೊದಲು ಎಲ್ಲಿದೆ ಎಂದು ನೋಡಬೇಕು. ಅಂಗೈಯಗಲದ ತುಕ್ಕು ಬಾಗಿಲಿನಲ್ಲಿದ್ದರೆ ಒಂದು ದಿನದ ಕೆಲಸ. ಅಷ್ಟೇ ಅಗಲದ ತುಕ್ಕು ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಭಾಗ) ಪಕ್ಕದಲ್ಲಿದ್ದರೆ ಇಡೀ ಗಾಡಿಯ ಹಣೆಬರಹ ಅಲ್ಲೇ ತೀರ್ಮಾನವಾಗುತ್ತದೆ.

ತುಕ್ಕಿನಲ್ಲಿ ವ್ಯತ್ಯಾಸವಿದೆ

ಲೋಹದ ಮೇಲೆ ಕಂದು ಪುಡಿಯಂತೆ ಕೂತದ್ದು ಮೇಲ್ಮೈ ತುಕ್ಕು. ತಂತಿ ಬ್ರಷ್‌ನಿಂದ ಉಜ್ಜಿದರೆ ಅಡಿಯಲ್ಲಿ ಗಟ್ಟಿ ಲೋಹ ಸಿಗುತ್ತದೆ. ಆಕ್ಸಲ್ ಹೌಸಿಂಗ್, ಲೀಫ್ ಸ್ಪ್ರಿಂಗ್, ಡಿಫರೆನ್ಷಿಯಲ್, ಬೀಡು ಕಬ್ಬಿಣದ ಭಾಗಗಳು ಹೀಗೆ ಕೆಂಪಾಗಿದ್ದರೆ ಗಾಬರಿ ಬೇಡ. ಅವುಗಳ ದಪ್ಪಕ್ಕೆ ಹೋಲಿಸಿದರೆ ಹೋದ ಲೋಹ ಲೆಕ್ಕಕ್ಕೇ ಇಲ್ಲ.

ಪದರ ಪದರವಾಗಿ ಏಳುವ ತುಕ್ಕು ಬೇರೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತು ವೆಲ್ಡ್ ಆದ ಕಡೆ ಅದು ಒಳಗಿನಿಂದಲೇ ಉಬ್ಬಿ ತಗಡುಗಳನ್ನು ಅಗಲಿಸುತ್ತದೆ, ವೆಲ್ಡ್ ಕಲೆಗಳನ್ನೂ ಕಿತ್ತುಬಿಡುತ್ತದೆ. ಅಂಚು ಅಲೆಯಲೆಯಾಗಿ ಉಬ್ಬಿದ್ದು ಕಂಡರೆ ಆ ಜಾಗದಲ್ಲಿ ಉಜ್ಜಿ ಬಣ್ಣ ಬಳಿದು ಪ್ರಯೋಜನವಿಲ್ಲ, ಕತ್ತರಿಸಿಯೇ ತೆಗೆಯಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಹೊರಗೆ ಕಾಣದ್ದು. ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ ಆಕಾರದ ಚಾಸಿಯೊಳಗೆ ಕೆಸರು ಸೇರಿ, ನೀರು ಹರಿದುಹೋಗುವ ತೂತುಗಳು ಕಟ್ಟಿಕೊಂಡರೆ ಲೋಹ ಒಳಗಿನಿಂದ ಹೊರಕ್ಕೆ ಸವೆಯುತ್ತದೆ. ಹೊರಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ. ಬಣ್ಣದ ಮೇಲೆ ಸೂಜಿಮೊನೆಯಷ್ಟು ತೂತು ಮೂಡುವ ಹೊತ್ತಿಗೆ ಅದರ ಸುತ್ತ ಅಂಗೈಯಗಲ ಲೋಹ ಕಾಗದದಷ್ಟು ತೆಳ್ಳಗಾಗಿರುತ್ತದೆ. ಸಮುದ್ರದ ಗಾಳಿ ಅಥವಾ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಸೇರಿಕೊಂಡರಂತೂ ಈ ಕೆಲಸ ಬೇಗ ಬೇಗ ನಡೆಯುತ್ತದೆ. ಒಣ ಹವೆಯಲ್ಲಿ ಮೂವತ್ತು ವರ್ಷ ಓಡಿದ ಗಾಡಿ ಕರಾವಳಿಯಲ್ಲಿ ಹತ್ತು ವರ್ಷ ನಿಂತ ಗಾಡಿಗಿಂತ ಗಟ್ಟಿಯಾಗಿರುವುದು ಸಾಮಾನ್ಯ. ಗಾಡಿ ಎಲ್ಲೆಲ್ಲಿ ಇತ್ತು ಎಂದು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವುದಕ್ಕಿಂತ ಉಪಯುಕ್ತ.

ಕಟ್ಟಿದ ರೀತಿ ನೋಡಿ ಆಯ್ಕೆ

ಹಳೆ ಆಫ್‌ರೋಡ್ ಗಾಡಿಗಳಲ್ಲಿ ಹೆಚ್ಚಿನವು ಏಣಿಯಾಕಾರದ ಚಾಸಿಯ ಮೇಲೆ ಬಾಡಿ ಕೂರಿಸಿದಂಥವು. ಟೊಯೋಟಾ ಲ್ಯಾಂಡ್ ಕ್ರೂಸರ್ 40 ಮತ್ತು 70 ಸರಣಿ, ನಿಸ್ಸಾನ್ ಪಟ್ರೋಲ್, ಸುಜುಕಿ ಎಸ್‌ಜೆ 410 ಮತ್ತು 413, ಜೀಪ್ ರ‍್ಯಾಂಗ್ಲರ್, ಎರಡನೇ ತಲೆಮಾರಿನವರೆಗಿನ ಮಿತ್ಸುಬಿಷಿ ಪಜೆರೊ ಈ ಗುಂಪಿನವು. ಇವುಗಳಲ್ಲಿ ಬಾಡಿ ಎಷ್ಟೇ ಕೊಳೆತಿದ್ದರೂ ಚಾಸಿ ಗಟ್ಟಿಯಿದ್ದರೆ ದಾರಿಯಿದೆ.

ಬಾಡಿಯೇ ಚಾಸಿಯಾಗಿರುವ ಯೂನಿಬಾಡಿ ಗಾಡಿಗಳಿಗೆ ಈ ಲೆಕ್ಕ ತಿರುಗುಮುರುಗು. 1984ರಿಂದ 2001ರವರೆಗೆ ಬಂದ ಜೀಪ್ ಚೆರೊಕೀ ಎಕ್ಸ್‌ಜೆ, 1977ರಿಂದ ಬಂದ ಲಾಡಾ ನಿವಾ, 1999ರ ನಂತರದ ಪಜೆರೊ ಈ ಬಗೆಯವು. ಇಲ್ಲಿ ಕಾಲಿಡುವ ತಗಡು, ಬಾಗಿಲ ಕೆಳಗಿನ ಸಿಲ್, ಸಸ್ಪೆನ್ಷನ್ ಕೂರುವ ಜಾಗ ಇವೇ ಭಾರ ಹೊರುವ ಭಾಗಗಳು. ಏಣಿ ಚಾಸಿಯ ಗಾಡಿಯಲ್ಲಿ ನಗಣ್ಯವಾಗುವ ಸಿಲ್ ತುಕ್ಕು ಇಲ್ಲಿ ಚಾಸಿ ತುಕ್ಕಿಗೆ ಸಮ. ಸಿಲ್ ಕತ್ತರಿಸುವ ಮುನ್ನ ಬಾಗಿಲಿನ ಚೌಕಟ್ಟಿಗೆ ಒಳಗಿನಿಂದ ಅಡ್ಡಗಂಬಿ ಕೊಡದಿದ್ದರೆ ಬಾಡಿ ಕುಸಿದು ಬಾಗಿಲು ಮತ್ತೆ ಮುಚ್ಚುವುದೇ ಇಲ್ಲ. ಬೆಸುಗೆಯ ಕೆಲಸ ಗೊತ್ತಿಲ್ಲದವರು ತೂತು ಬಿದ್ದ ಯೂನಿಬಾಡಿ ಗಾಡಿಯ ಹತ್ತಿರ ಹೋಗದಿರುವುದೇ ಒಳ್ಳೆಯದು.

ಲ್ಯಾಂಡ್ ರೋವರ್ ಮೂರನೇ ಬಗೆ. 1948ರಲ್ಲಿ ಮೊದಲ ಗಾಡಿ ಬಂದಾಗ ಯುದ್ಧದ ನಂತರದ ಬ್ರಿಟನ್‌ನಲ್ಲಿ ಉಕ್ಕಿನ ಅಭಾವವಿತ್ತು, ಹಾಗಾಗಿ ಹೊರ ಬಾಡಿಗೆ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿದರು. ಸೀರೀಸ್ ಗಾಡಿಗಳಿಂದ 2016ರಲ್ಲಿ ನಿಂತ ಡಿಫೆಂಡರ್‌ವರೆಗೂ ಅದೇ ಪದ್ಧತಿ ಮುಂದುವರಿಯಿತು. ಇದರಿಂದ ಕೊಳ್ಳುವವರಿಗೆ ಒಂದು ದೊಡ್ಡ ಮೋಸವಾಗುತ್ತದೆ: ಬಾಡಿ ಕೆಂಪಾಗುವುದೇ ಇಲ್ಲವಾದ್ದರಿಂದ ಗಾಡಿ ಚೆನ್ನಾಗಿದೆ ಎಂದೇ ಕಾಣುತ್ತದೆ. ಚಾಸಿ ಮಾತ್ರ ಉಕ್ಕಿನದು. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಬಲ್ಕ್‌ಹೆಡ್ ಕೂಡ ಉಕ್ಕಿನದೇ. ಎರಡೂ ಯಥೇಚ್ಛ ಕೊಳೆಯುತ್ತವೆ. ಉಕ್ಕು ಮತ್ತು ಅಲ್ಯೂಮಿನಿಯಂ ಒದ್ದೆಯಲ್ಲಿ ತಾಗಿಕೊಂಡಿದ್ದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುವುದೂ ಉಂಟು. ಆದರೂ ಇದರ ಪರವಾಗಿ ಒಂದು ದೊಡ್ಡ ಮಾತಿದೆ. ಸತು ಲೇಪಿಸಿದ ಹೊಚ್ಚಹೊಸ ಚಾಸಿ ಬಿಡಿಭಾಗವಾಗಿ ಸಿಗುವ ಕೆಲವೇ ಗಾಡಿಗಳಲ್ಲಿ ಇದೊಂದು. ಉಳಿದ ಹಲವು ಗಾಡಿಗಳಿಗೆ ಚಾಸಿ ಬೇಕೆಂದರೆ ಇನ್ನೊಂದು ಹಳೆ ಗಾಡಿಯನ್ನೇ ಹುಡುಕಬೇಕು.

ಚಾಸಿ ಪರೀಕ್ಷೆ

ಇದಕ್ಕೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಬೇಕಾದ ಸಾಮಾನು: ಒಳ್ಳೆಯ ಟಾರ್ಚ್, 250 ಗ್ರಾಂ ಸುತ್ತಿಗೆ, ಹಳೆಯ ಚಪ್ಪಟೆ ಸ್ಕ್ರೂಡ್ರೈವರ್, ತಂತಿ ಬ್ರಷ್, 5 ಮೀಟರ್ ಟೇಪು, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ, ಮೊಬೈಲಿಗೆ ಜೋಡಿಸುವ ಕೊಳವೆ ಕ್ಯಾಮೆರಾ, ಕಣ್ಣಿಗೆ ಕನ್ನಡಕ. ಸುತ್ತಿಗೆ ಹಿಡಿಯುವ ಮೊದಲು ಮಾರುವವರ ಒಪ್ಪಿಗೆ ಕೇಳಿ. ಚಾಸಿಗೆ ಸುತ್ತಿಗೆ ತಾಗಿಸಬೇಡಿ ಎಂದವರ ಗಾಡಿಯನ್ನು ಮುಂದೆ ನೋಡುವ ಅಗತ್ಯವೂ ಇರುವುದಿಲ್ಲ. ಬರೀ ಜ್ಯಾಕ್ ನಂಬಿ ಗಾಡಿಯಡಿಗೆ ಹೋಗಬೇಡಿ, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಕೊಡಿ. ತುಕ್ಕು ಹಿಡಿದ ಚಾಸಿಗೆ ಜ್ಯಾಕ್ ಕೊಟ್ಟರೆ ಜ್ಯಾಕೇ ಒಳಗೆ ನುಗ್ಗಬಹುದು.

ಹಿಂದಿನಿಂದ ಶುರುಮಾಡಿ. ಚಕ್ರ ಎರಚುವ ಕೆಸರೆಲ್ಲ ಹಿಂಭಾಗದಲ್ಲಿ ಸೇರುವುದರಿಂದ ಕೊಳೆಯುವುದು ಅಲ್ಲೇ ಮೊದಲು. ಹಿಂದಿನ ಅಡ್ಡಪಟ್ಟಿ, ಸ್ಪ್ರಿಂಗ್ ಹ್ಯಾಂಗರ್ ಮತ್ತು ಶ್ಯಾಕಲ್ (ಸ್ಪ್ರಿಂಗಿನ ತುದಿಯ ಅಲುಗುವ ಕೊಂಡಿ) ಕೂರುವ ಜಾಗ, ಆಕ್ಸಲ್ ಮೇಲೆ ಚಾಸಿ ಕಮಾನಿನಂತೆ ಏರುವ ಭಾಗ, ಡೀಸೆಲ್ ಅಥವಾ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ, ಬಾಡಿ ಕೂರುವ ಚಾಚುಪಟ್ಟಿಗಳು, ಗೇರ್‌ಬಾಕ್ಸ್ ಹೊತ್ತ ಅಡ್ಡಪಟ್ಟಿ, ಕೊನೆಗೆ ಮುಂದೆ ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ. ಈ ಕೊನೆಯದರಲ್ಲಿ ತುಕ್ಕಿಗಿಂತ ಬಿರುಕು ಹೆಚ್ಚು. ದೊಡ್ಡ ಟೈರ್ ಹಾಕಿ ಬಂಡೆಗಳ ಮೇಲೆ ಓಡಿಸಿದ ಗಾಡಿಯಲ್ಲಿ ಬೋಲ್ಟ್ ತೂತಿನಿಂದ ಕೂದಲೆಳೆಯ ಸೀಳು ಹೊರಟಿರುತ್ತದೆ. ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ತಿರುಗಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ನೋಡಿದರೆ ಸೀಳು ಬಾಯಿ ತೆರೆದು ಮುಚ್ಚುವುದು ಕಾಣುತ್ತದೆ.

ಸುತ್ತಿಗೆಯಿಂದ ಪ್ರತಿ 10 ಸೆಂ.ಮೀ.ಗೆ ಒಂದು ಪೆಟ್ಟು ಕೊಡುತ್ತ ಸಾಗಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಕೊಳೆತದ್ದು ಡಬ್ ಎನ್ನುತ್ತದೆ, ಸುತ್ತಿಗೆ ಅಲ್ಲೇ ಕೂರುತ್ತದೆ, ಒಳಗೆ ತುಕ್ಕಿನ ಚೂರು ಜರಜರ ಉದುರುವ ಸದ್ದು ಕೇಳುತ್ತದೆ. ಅಡಿ ಮತ್ತು ಪಕ್ಕ ಬಡಿದು ನಿಲ್ಲಿಸಬೇಡಿ. ಚಾಸಿಯ ಮೇಲ್ಮೈಯಲ್ಲೂ ಬಾಡಿಯಡಿ ಕೆಸರು ಕೂತು ವರ್ಷಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬೆರಳು ತೂರಿಸಿ ತಡವಿ, ತಲುಪಿದಷ್ಟು ದೂರ ಸ್ಕ್ರೂಡ್ರೈವರ್ ಒತ್ತಿ ನೋಡಿ. ನೀರು ಹರಿಯುವ ತೂತುಗಳಿಂದ ಕೊಳವೆ ಕ್ಯಾಮೆರಾ ಒಳಗೆ ಬಿಡಿ. ಒಳಗೆ ಕಂದು ಪುಡಿ ಮಾತ್ರ ಇದ್ದರೆ ಸಮಾಧಾನ. ಹಪ್ಪಳದಂಥ ಪದರಗಳ ರಾಶಿ ಕಂಡರೆ ಆ ಭಾಗ ಮುಗಿದಂತೆ.

ಅಲ್ಟ್ರಾಸಾನಿಕ್ ದಪ್ಪಮಾಪಕ ಸಿಕ್ಕರೆ ಊಹೆಯ ಮಾತೇ ಬೇಡ. ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹದ ಮೇಲೆ ಜೆಲ್ ಹಚ್ಚಿ ಅಳೆಯಬೇಕು. ಹೊರಮೈ ಒರಟಾಗಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಮೊದಲು ಚಾಸಿಯ ನಡುಭಾಗದಲ್ಲಿ ಚೆನ್ನಾಗಿರುವ ಕಡೆ ಅಳೆದು ಅದನ್ನೇ ಮೂಲ ದಪ್ಪ ಎಂದಿಟ್ಟುಕೊಳ್ಳಿ. ಗಾಡಿಗೆ ತಕ್ಕಂತೆ ಇದು ಸುಮಾರು 2ರಿಂದ 4 ಮಿ.ಮೀ. ಇರುತ್ತದೆ. ನಾವು ಪಾಲಿಸುವ ಲೆಕ್ಕ ಹೀಗಿದೆ: ಐದನೇ ಒಂದು ಭಾಗದವರೆಗೆ ಸವೆದಿದ್ದರೆ ಕೆರೆದು ಲೇಪ ಹಚ್ಚಿದರೆ ಸಾಕು, ಮೂರನೇ ಒಂದು ಭಾಗ ದಾಟಿದರೆ ಕತ್ತರಿಸಿ ಹೊಸ ಲೋಹ ಹಾಕಬೇಕು, ನಡುವಿನದ್ದಾದರೆ ಆ ಜಾಗ ಯಾವ ಭಾರ ಹೊರುತ್ತದೆ ಎಂದು ನೋಡಿ ತೀರ್ಮಾನಿಸಬೇಕು. ಉದಾಹರಣೆಗೆ 3 ಮಿ.ಮೀ. ಚಾಸಿ 2.5 ತೋರಿಸಿದರೆ ನೆಮ್ಮದಿ, 1.9 ತೋರಿಸಿದರೆ ಕತ್ತರಿ.

ಗಾಡಿ ಹಿಂದೆ ಎಲ್ಲಾದರೂ ಗುದ್ದಿದೆಯೇ ಎಂದು ತಿಳಿಯಲು ಮೂಲೆಯಿಂದ ಮೂಲೆಗೆ ಅಳೆಯಿರಿ. ಮುಂದಿನ ಎಡ ಸ್ಪ್ರಿಂಗ್ ಬೋಲ್ಟಿನಿಂದ ಹಿಂದಿನ ಬಲ ಬೋಲ್ಟಿಗೆ ಒಂದು ಅಳತೆ, ಬಲದಿಂದ ಎಡಕ್ಕೆ ಇನ್ನೊಂದು. ಎರಡರ ನಡುವೆ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಚಾಸಿ ಸೊಟ್ಟಗಾಗಿರುವ ಅನುಮಾನ ಪಡಬೇಕು. ಮತ್ತೊಂದು ಸುಲಭ ಉಪಾಯವಿದೆ. ಹಿಂದಿನ ಒಂದು ಚಕ್ರವನ್ನು ಆಕ್ಸಲ್ ಅಡಿಯಿಂದ ಜ್ಯಾಕ್ ಕೊಟ್ಟು ಎತ್ತಿ, ಬಾಗಿಲಿನ ಸಂದು ನೋಡಿ. ಸಂದು ಕಣ್ಣಿಗೆ ಕಾಣುವಷ್ಟು ಬದಲಾದರೆ ಅಥವಾ ಬಾಗಿಲು ತೆರೆಯಲು ಬಿಗಿಯಾದರೆ ಚಾಸಿಯಲ್ಲೋ ಬಾಡಿಯ ಆಧಾರಗಳಲ್ಲೋ ಬಲ ಹೋಗಿದೆ.

ಅಡಿಭಾಗಕ್ಕೆ ಹೊಸದಾಗಿ ಕಪ್ಪು ಡಾಂಬರು ಲೇಪ ಬಳಿದಿದ್ದರೆ ಅದನ್ನು ರಕ್ಷಣೆ ಎಂದು ತಿಳಿಯಬೇಡಿ, ಮುಚ್ಚಳ ಎಂದು ತಿಳಿಯಿರಿ. ತುಕ್ಕಿನ ಮೇಲೆ ದಪ್ಪ ಲೇಪ ಬಳಿದರೆ ತೇವ ಒಳಗೇ ಉಳಿದು ಕೊಳೆಯುವುದು ಇನ್ನಷ್ಟು ಬೇಗ. ಆ ಲೇಪವನ್ನು ಎರಡು ಮೂರು ಕಡೆ ಕೆರೆದು ನೋಡಲು ಬಿಡುವವರ ಜೊತೆ ಮಾತ್ರ ವ್ಯಾಪಾರ ಮುಂದುವರಿಸಿ.

ಹಿಂದೆ ಮಾಡಿದ ತೇಪೆಗಳನ್ನೂ ಓದಬೇಕು. ಕೊಳೆತದ್ದನ್ನು ಕತ್ತರಿಸಿ ತೆಗೆದು, ಅದೇ ದಪ್ಪದ ಲೋಹ ಕೂರಿಸಿ, ಸುತ್ತಲೂ ಬಿಡದೆ ಬೆಸೆದು, ತುದಿಗಳನ್ನು ಮೀನಿನ ಬಾಯಿಯಂತೆ ಓರೆಯಾಗಿ ಕತ್ತರಿಸಿದ್ದರೆ ಕೆಲಸ ಗೊತ್ತಿದ್ದವರದು. ಓರೆ ತುದಿಯಿಂದ ಒತ್ತಡ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ನೇರ ಗೆರೆಯಲ್ಲಿ ಅಡ್ಡಲಾಗಿ ಬೆಸೆದ ತೇಪೆಯ ಪಕ್ಕದಲ್ಲಿ ಚಾಸಿ ಬಿರುಕು ಬಿಡುತ್ತದೆ. ತುಕ್ಕಿನ ಮೇಲೇ ತಗಡು ಇಟ್ಟು ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿದ್ದರೆ ಅದು ರಿಪೇರಿಯೇ ಅಲ್ಲ. ಎರಡು ಪದರದ ನಡುವೆ ನೀರು ನಿಂತು ಮೂಲ ಲೋಹ ಇನ್ನೂ ಬೇಗ ಹೋಗುತ್ತದೆ. ಅಂಥ ತೇಪೆ ಮೂರಕ್ಕಿಂತ ಹೆಚ್ಚು ಕಂಡರೆ ಚಾಸಿಯನ್ನು ಪೂರ್ತಿ ಬದಲಿಸುವ ಲೆಕ್ಕ ಹಿಡಿದೇ ಬೆಲೆ ಮಾತಾಡಿ.

ಮಾದರಿಗೊಂದು ಹುಳುಕು ಇರುತ್ತದೆ. ಲ್ಯಾಂಡ್ ರೋವರ್‌ನಲ್ಲಿ ಹಿಂದಿನ ಅಡ್ಡಪಟ್ಟಿ, ಬಲ್ಕ್‌ಹೆಡ್‌ನ ಕಾಲಿಡುವ ಗುಂಡಿ ಮತ್ತು ಗಾಜಿನ ಕೆಳಮೂಲೆಗಳು. 1997ರಿಂದ 2006ರವರೆಗಿನ ರ‍್ಯಾಂಗ್ಲರ್ ಟಿಜೆಯಲ್ಲಿ ಹಿಂಚಕ್ರದ ಮುಂದೆ, ಕೆಳ ಕಂಟ್ರೋಲ್ ಆರ್ಮ್ (ಆಕ್ಸಲನ್ನು ಚಾಸಿಗೆ ಜೋಡಿಸುವ ತೋಳು) ಕೂರುವ ಕಡೆ ಚಾಸಿ ಒಳಗಿನಿಂದ ಕರಗುತ್ತದೆ. ಚೆರೊಕೀ ಎಕ್ಸ್‌ಜೆಯಲ್ಲಿ ಕಾಲಿಡುವ ತಗಡು. ಟೊಯೋಟಾ ಎಂಬ ಹೆಸರು ಕೇಳಿದ ಕೂಡಲೇ ಚಾಸಿ ನೋಡದೆ ಕೊಳ್ಳುವವರಿದ್ದಾರೆ. ಅವರಿಗೆ ಒಂದು ಮಾತು: 1995ರಿಂದ 2000ದವರೆಗಿನ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕಿನಿಂದ ತೂತು ಬೀಳುತ್ತಿದ್ದುದಕ್ಕೆ ಅದೇ ಕಂಪನಿ 2008ರಲ್ಲಿ ಅಮೆರಿಕದಲ್ಲಿ ಖಾತರಿಯನ್ನು 15 ವರ್ಷಕ್ಕೆ ವಿಸ್ತರಿಸಿ, ತೀರಾ ಕೆಟ್ಟವುಗಳನ್ನು ಗ್ರಾಹಕರಿಂದ ಮರಳಿ ಕೊಂಡುಕೊಂಡಿತು. ಹೆಸರು ನೋಡಿ ತುಕ್ಕು ಬಿಡುವುದಿಲ್ಲ.

ಬಾಡಿ, ಚಕ್ರದ ಕಡೆ, ಇಂಜಿನ್

ಬಾಡಿಯ ತಗಡು ಸುಮಾರು 0.7ರಿಂದ 1 ಮಿ.ಮೀ. ದಪ್ಪ. ಉಕ್ಕಿನ ಬಾಡಿಯಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿ ತುಂಬಿದ್ದಾರೆ ಎಂದರ್ಥ. ಗಾಜಿನ ರಬ್ಬರಿನ ಅಡಿ, ಬಾಗಿಲ ತಳ, ಚಕ್ರದ ಕಮಾನು, ನೆಲದ ಮ್ಯಾಟ್ ಅಡಿ ನೋಡಿ ಮುಂದೆ ಸಾಗಿ. ಏಣಿ ಚಾಸಿಯ ಗಾಡಿಯ ಬಾಡಿಯಲ್ಲಿ ಎರಡೇ ಭಾಗಗಳಿಗೆ ನಿಜವಾದ ಭಯ ಪಡಬೇಕು: ಗಾಜಿನ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಬಿಗಿದ ಜಾಗ. ಮೊದಲನೆಯದರ ಆಕಾರ ಕೈಯಲ್ಲಿ ತರುವುದು ಕಷ್ಟ, ಎರಡನೆಯದು ಜೀವದ ಪ್ರಶ್ನೆ.

ಬ್ರೇಕ್ ಪೈಪುಗಳನ್ನು ಮಾತ್ರ ಬಾಡಿಯಂತೆ ನೋಡಿ ಬಿಡಬೇಡಿ. ಉಕ್ಕಿನ ಪೈಪು ಚಾಸಿಗೆ ಕ್ಲಿಪ್ ಹಾಕಿದ ಜಾಗದಲ್ಲಿ, ಕ್ಲಿಪ್ಪಿನ ಅಡಿಯಲ್ಲೇ ಕೊಳೆಯುತ್ತದೆ. ಚಾಸಿಯಲ್ಲಿ ಪದರ ತುಕ್ಕು ಇದ್ದ ಗಾಡಿಯ ಬ್ರೇಕ್ ಪೈಪುಗಳೆಲ್ಲ ಬದಲಾಗಲೇಬೇಕು ಎಂದು ಲೆಕ್ಕಕ್ಕೆ ಸೇರಿಸಿಬಿಡಿ.

ಫೋರ್ ವೀಲ್ ಡ್ರೈವ್ ಕೆಲಸ ಮಾಡುತ್ತದೆಯೇ ಎಂದು ಮಣ್ಣಿನಲ್ಲಿ ಅಥವಾ ಹುಲ್ಲಿನ ಮೇಲೆ ನೋಡಿ. ಪಾರ್ಟ್‌ಟೈಮ್ ವ್ಯವಸ್ಥೆಯ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ) ಗಾಡಿಯನ್ನು ಒಣ ಡಾಂಬರು ರಸ್ತೆಯಲ್ಲಿ ಫೋರ್ ವೀಲ್‌ಗೆ ಹಾಕಿ ತಿರುಗಿಸಿದರೆ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಜಗ್ಗಿ, ಗೇರ್ ಅಥವಾ ಶಾಫ್ಟ್ ಮುರಿಯಬಹುದು. ಹೈ (ವೇಗದ) ಮತ್ತು ಲೋ (ನಿಧಾನದ, ಹೆಚ್ಚು ಎಳೆತದ) ಗೇರ್ ಎರಡೂ ಬೀಳಬೇಕು, ಲೋನಲ್ಲಿ ಎಳೆಯುವಾಗ ಲಿವರ್ ತಾನಾಗಿ ಜಾರಬಾರದು. ಮುಂಚಕ್ರದ ಹಬ್ (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ ನಡುಭಾಗ) ಕೈಯಿಂದ ಲಾಕ್ ಮಾಡುವಂಥದ್ದಾದರೆ ಎರಡನ್ನೂ ತಿರುಗಿಸಿ ನೋಡಿ, ವರ್ಷಗಟ್ಟಲೆ ಮುಟ್ಟದ ಹಬ್ ಒಳಗೇ ಹಿಡಿದುಕೊಂಡಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸುವಾಗ ಮುಂದೆ ಟಕ್ ಟಕ್ ಸದ್ದು ಬಂದರೆ ಮುಂದಿನ ಆಕ್ಸಲ್‌ನ ಸಿವಿ ಜಾಯಿಂಟ್ ಸವೆದಿದೆ. ಲ್ಯಾಂಡ್ ರೋವರ್, ಲ್ಯಾಂಡ್ ಕ್ರೂಸರ್, ಸುಜುಕಿ ಎಸ್‌ಜೆಗಳ ಮುಂಚಕ್ರದ ಹಿಂದಿನ ಗುಂಡು ಹೊರಮೈಯಲ್ಲಿ ಗುಳಿ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಆಯಿಲ್ ಸೋರುವುದು ನಿಲ್ಲುವುದಿಲ್ಲ, ಗುಳಿಯ ಅಂಚು ಸೀಲನ್ನು ಕೊಯ್ಯುತ್ತದೆ.

ಡಿಫರೆನ್ಷಿಯಲ್ ತುಂಬುವ ಬಿರಡೆ ಬಿಚ್ಚಿ ಬೆರಳದ್ದಿ ನೋಡಿ. ಆಯಿಲ್ ಹಾಲು ಬೆರೆಸಿದಂತಿದ್ದರೆ ಗಾಡಿ ನೀರಿಗಿಳಿದಿದೆ, ಗಾಳಿ ಬಿಡುವ ಬ್ರೀದರ್ ಕಟ್ಟಿಕೊಂಡಿದೆ. ಬಿಸಿಯಾಗಿದ್ದ ಆಕ್ಸಲ್ ತಣ್ಣೀರಿನಲ್ಲಿ ಆರುವಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಹೆಡ್‌ಲೈಟ್ ಒಳಗೆ ಕೆಸರಿನ ಗೆರೆ, ಡ್ಯಾಶ್‌ಬೋರ್ಡ್ ಹಿಂದಿನ ವೈರ್ ಜೋಡಣೆಗಳಲ್ಲಿ ಹಸಿರು ಕಿಲುಬು, ಸೀಟಿನ ಹಳಿಗಳಲ್ಲಿ ಒಣ ಮಣ್ಣು ಇವೆಲ್ಲ ಮುಳುಗಿದ ಗಾಡಿಯ ಗುರುತು. ಮುಳುಗಿದ ಗಾಡಿ ಹಳೆ ಯಾಂತ್ರಿಕ ಇಂಜಿನ್ನಿನದ್ದಾದರೆ ಉಳಿಸಬಹುದು. ಎಲೆಕ್ಟ್ರಾನಿಕ್ ನಿಯಂತ್ರಣ ಇರುವಂಥದ್ದಾದರೆ ವೈರಿಂಗ್ ತೊಂದರೆ ತಿಂಗಳುಗಟ್ಟಲೆ ಕಾಡುತ್ತದೆ.

ಇಂಜಿನ್ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ನಾವು ಕೊನೆಗೆ ಇಟ್ಟುಕೊಂಡಿದ್ದೇವೆ. ಇಂಜಿನ್ನಿನ ಖರ್ಚಿಗೆ ಒಂದು ಮೇಲ್ಮಿತಿ ಇದೆ: ತೀರಾ ಕೆಟ್ಟರೂ ಬೇರೊಂದನ್ನು ತಂದು ಕೂರಿಸಿದರೆ ಆಯಿತು. ಚಾಸಿ ಕೆಲಸಕ್ಕೆ ಅಂಥ ಮಿತಿಯಿಲ್ಲ, ಕೆರೆದಷ್ಟೂ ತೂತು ದೊಡ್ಡದಾಗುತ್ತದೆ. ಓಡುವ ಇಂಜಿನ್ನಾದರೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಿ. ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿ. ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮಿದಾಗ ಹುಟ್ಟುವ ಒತ್ತಡ) ಪೆಟ್ರೋಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ 9ರಿಂದ 12 ಬಾರ್, ಹಳೆ ಡೀಸೆಲ್ಲಿನಲ್ಲಿ 25 ಬಾರ್‌ಗಿಂತ ಮೇಲೆ ಇರಬೇಕು. ಸಂಖ್ಯೆಗಿಂತ ಮುಖ್ಯವಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ, ಅದು 10-15 ಪ್ರತಿಶತ ಮೀರಬಾರದು. ಪೆಟ್ರೋಲ್ ಇಂಜಿನ್ನಿನ ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಡೀಸೆಲ್‌ಗೆ ಹೀಗೆ ಮಾಡಬೇಡಿ, ಅದರ ಉರಿಕೋಣೆ ಎಷ್ಟು ಚಿಕ್ಕದೆಂದರೆ ಚಮಚ ಆಯಿಲ್ಲೇ ಅಳತೆಯನ್ನು ಕೆಡಿಸುತ್ತದೆ.

ಜಾಮ್ ಆದ ಇಂಜಿನ್ನಿಗೆ ಬ್ಯಾಟರಿ ಕೊಟ್ಟು ಒದ್ದಾಡಿಸುವುದು ತಪ್ಪು. ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ತುಕ್ಕು ಸಡಿಲಿಸುವ ಎಣ್ಣೆ ಹಾಕಿ, ಎರಡು ಮೂರು ದಿನ ಬಿಟ್ಟು, ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಪಾನಾ ಹಾಕಿ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಬೇಕು. ಇದನ್ನು ಮಾರುವವರ ಅಂಗಳದಲ್ಲಿ ಮಾಡಲಾಗದು. ಆದ್ದರಿಂದ ಜಾಮ್ ಆದ ಇಂಜಿನ್ನಿಗೆ ಗುಜರಿ ಬೆಲೆ ಮಾತ್ರ ಕಟ್ಟಿ. ಬಿಡಿಸಿಕೊಂಡರೆ ಲಾಭ ನಿಮ್ಮದು.

ಎದುರಿಗಿರುವ ಗಾಡಿಗಳನ್ನು ತೂಗುವುದು

ಓಡುತ್ತಿರುವ, ಎಲ್ಲೆಡೆ ಮೇಲ್ಮೈ ತುಕ್ಕಿರುವ, ತೂತಿಲ್ಲದ ಗಾಡಿ ಎಲ್ಲಕ್ಕಿಂತ ಉತ್ತಮ. ನೋಡಲು ಅಂದವಿಲ್ಲದ್ದರಿಂದ ಬೆಲೆಯೂ ತಗ್ಗಿರುತ್ತದೆ. ಇಂಥದ್ದು ಸಿಕ್ಕರೆ ಹೆಚ್ಚು ಚೌಕಾಸಿ ಮಾಡುತ್ತ ಕೂರಬೇಡಿ.

ಚಾಸಿ ಗಟ್ಟಿ, ಇಂಜಿನ್ ಸತ್ತದ್ದು ಎರಡನೆಯದು. ಆ ಮಾದರಿಯ ಇಂಜಿನ್, ಗೇರ್‌ಬಾಕ್ಸ್ ಸುಲಭವಾಗಿ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿ. ಸಿಗುವುದಾದರೆ ಕೈ ಹಾಕಬಹುದು.

ಚಾಸಿ ಗಟ್ಟಿ, ಬಾಡಿ ಕೊಳೆತದ್ದು ನಿಮ್ಮ ಕೈಯಲ್ಲಿರುವ ಕೆಲಸದ ಮೇಲೆ ನಿಂತಿದೆ. ಮಿಗ್ ವೆಲ್ಡಿಂಗ್ ಬರುವವರಿಗೆ ಒಳ್ಳೆಯ ಆಯ್ಕೆ, 0.6 ಅಥವಾ 0.8 ಮಿ.ಮೀ. ತಂತಿಯಲ್ಲಿ ತಗಡಿನ ಕೆಲಸವೆಲ್ಲ ಆಗುತ್ತದೆ. ಟಿಂಕರಿಂಗ್ ಪೂರ್ತಿ ಹೊರಗೆ ಕೊಡುವವರಿಗೆ ಇದು ಇಂಜಿನ್ ಸತ್ತ ಗಾಡಿಗಿಂತಲೂ ದುಬಾರಿಯಾಗಬಹುದು.

ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟ ಗಾಡಿ ಅಗ್ಗ ಎನ್ನಿಸುತ್ತದೆ. ಚಾಸಿ ಬರಿದಾಗಿರುವುದರಿಂದ ಪೂರ್ತಿ ನೋಡಬಹುದು, ಅದು ನಿಜವಾದ ಅನುಕೂಲ. ಆದರೆ ಬಿಚ್ಚಿದವರು ಗುರುತು ಹಾಕಿರದ ನೂರಾರು ಬೋಲ್ಟು, ಕಳೆದುಹೋದ ಸಣ್ಣ ಭಾಗಗಳು ಸಮಯ ತಿನ್ನುತ್ತವೆ. ಅದೇ ಮಾದರಿಯನ್ನು ಮುಂಚೆ ಬಿಚ್ಚಿ ಜೋಡಿಸಿದವರಿಗೆ ಮಾತ್ರ ಇದು ಸರಿ.

ಹೊಳೆಯುವ ಬಾಡಿ, ಕೊಳೆತ ಚಾಸಿ. ಹೊಸ ಚಾಸಿ ಸಿಗುವ ಮಾದರಿಯಾಗಿದ್ದು, ಬೆಲೆ ಬಿಡಿಭಾಗಗಳ ಮೊತ್ತಕ್ಕಿಂತ ಕೆಳಗಿದ್ದರೆ ಯೋಚಿಸಿ. ಇಲ್ಲವಾದರೆ ಬಿಡಿ. ಇದೇ ಮಾದರಿಯ ಇನ್ನೊಂದು ಗಾಡಿ ಈಗಾಗಲೇ ನಿಮ್ಮಲ್ಲಿದ್ದರೆ ಬಿಡಿಭಾಗಗಳಿಗಾಗಿ ಕೊಳ್ಳುವುದು ಜಾಣತನ: ಆಕ್ಸಲ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ), ಬಾಗಿಲು, ಗಾಜು ಎಲ್ಲ ಉಪಯೋಗಕ್ಕೆ ಬರುತ್ತವೆ.

ಚಾಸಿ ನಂಬರ್ ಕೊರೆದ ಜಾಗವೇ ಕೊಳೆತು ಓದಲಾಗದಿದ್ದರೆ, ಅದರ ಮೇಲೆ ತೇಪೆ ಬಿದ್ದಿದ್ದರೆ ಅಥವಾ ಕಾಗದದ ನಂಬರಿಗೆ ತಾಳೆಯಾಗದಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಓಡಿಸಲೆಂದು ಕೊಳ್ಳಬೇಡಿ.

ಗಂಟೆಗಳ ಅಂದಾಜು ಹೀಗಿಟ್ಟುಕೊಳ್ಳಿ, ಸಲಕರಣೆಯಿದ್ದು ಬಿಡುವಿನಲ್ಲಿ ಕೆಲಸ ಮಾಡುವವರ ಲೆಕ್ಕ ಇದು. ಬ್ರೇಕ್ ಪೈಪು ಪೂರ್ತಿ ಬದಲಿಸಲು 8ರಿಂದ 12 ಗಂಟೆ. ಎರಡೂ ಕಡೆಯ ಕಾಲಿಡುವ ತಗಡು 20ರಿಂದ 30. ಇಂಜಿನ್ ಇಳಿಸಿ ರಿಪೇರಿ ಮಾಡಿ ಏರಿಸಲು 40ರಿಂದ 60. ಚಾಸಿ ಬದಲಾವಣೆ 150 ಗಂಟೆಯ ಕೆಳಗೆ ಮುಗಿಯುತ್ತದೆ ಎಂದು ನಂಬಬೇಡಿ. ತುಕ್ಕು ಹಿಡಿದ ಗಾಡಿಯಲ್ಲಿ ಬಿಚ್ಚಬೇಕಾದ ಬೋಲ್ಟುಗಳಲ್ಲಿ ಹಲವು ಮುರಿದೇ ಬರುತ್ತವೆ, ಮುರಿದ ಒಂದೊಂದನ್ನೂ ಕೊರೆದು ತೆಗೆಯಬೇಕು.

ಹಣದ ಲೆಕ್ಕಕ್ಕೆ ಕೇಳಿದ ಬೆಲೆ, ಸಾಗಣೆ, ಕಣ್ಣಿಗೆ ಕಂಡ ರಿಪೇರಿ, ಅದರ ಅರ್ಧದಷ್ಟು ಕಾಣದ ರಿಪೇರಿಗೆ, ಇವನ್ನು ಕೂಡಿಸಿ. ಅದೇ ಮಾದರಿಯ ಚೆನ್ನಾಗಿರುವ ಗಾಡಿಯ ಬೆಲೆಯ ಮುಕ್ಕಾಲು ಭಾಗವನ್ನು ಈ ಮೊತ್ತ ದಾಟಿದರೆ ಚೆನ್ನಾಗಿರುವುದನ್ನೇ ಕೊಳ್ಳಿ. ರಿಪೇರಿಯ ಆನಂದವೇ ಬೇಕು ಎನ್ನುವವರಿಗೆ ಈ ಲೆಕ್ಕ ಅನ್ವಯಿಸದು, ಆದರೆ ಅವರೂ ಒಮ್ಮೆ ಬರೆದು ನೋಡಲಿ.

ಕೊಂಡ ಮೇಲೆ ಮೊದಲು

ಓಡುತ್ತದೆ ಎಂದು ಓಡಿಸಿಕೊಂಡು ಬರಬೇಡಿ. ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕ್ ಪೈಪು ಒಡೆಯುವುದು ಜೋರಾಗಿ ಒತ್ತಿದಾಗಲೇ. ಟ್ರೇಲರ್ ಅಥವಾ ಲಾರಿಯ ಮೇಲೆ ತನ್ನಿ. ಎಳೆದೇ ತರಬೇಕಾದರೆ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿ, ಹಬ್‌ಗಳು ಅನ್‌ಲಾಕ್ ಆಗಿರಲಿ. ದೂರವಾದರೆ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಡಿ. ಇಂಜಿನ್ ನಿಂತಿದ್ದಾಗ ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಆಯಿಲ್ ಓಡಾಡುವುದಿಲ್ಲ, ಒಣಗಿಯೇ ಸವೆಯುತ್ತವೆ.

ಬಂದ ಮೇಲೆ ಬಣ್ಣದ ಡಬ್ಬ ತೆರೆಯುವ ಮೊದಲು ಚಾಸಿಯ ತೂತುಗಳೊಳಗೆ ನೀರಿನ ಪೈಪು ತೂರಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಬಿಸಿಲಲ್ಲಿ ಎರಡು ಮೂರು ದಿನ ಪೂರ್ತಿ ಒಣಗಲಿ. ಸಡಿಲ ಪದರವನ್ನೆಲ್ಲ ಕೆರೆದು, ಉಳಿದ ತೆಳು ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ, ಅದರ ಡಬ್ಬದಲ್ಲಿ ಹೇಳಿದಂತೆ ತೊಳೆದೋ ಒಣಗಿಸಿಯೋ, ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ವೆಲ್ಡಿಂಗ್ ಇದ್ದರೆ ಇದಕ್ಕೂ ಮುಂಚೆ ಮುಗಿಸಿ. ಬ್ಯಾಟರಿಯ ಸಂಪರ್ಕ ತೆಗೆದು, ಇಂಧನ ಟ್ಯಾಂಕ್ ಇಳಿಸಿಟ್ಟು ಬೆಸೆಯಿರಿ. ಸತು ಲೇಪಿಸಿದ ಲೋಹವಾದರೆ ಬೆಸೆಯುವ ಜಾಗದ ಲೇಪವನ್ನು ಉಜ್ಜಿ ತೆಗೆಯಿರಿ, ಸತುವಿನ ಹೊಗೆ ಸೇವಿಸಿದರೆ ಜ್ವರ ಬರುತ್ತದೆ. ಎಲ್ಲ ಆರಿದ ಮೇಲೆ ಚಾಸಿಯ ಒಳಕ್ಕೆ ಸುತ್ತಲೂ ಚಿಮ್ಮುವ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗಗಳೊಳಗೆ ತುಕ್ಕು ತಡೆಯುವ ಮೇಣ) ಹೊಡೆಯಿರಿ, ಹೊಡೆದ ಮರುದಿನ ನೀರು ಹರಿಯುವ ತೂತುಗಳಿಗೆ ಒಂದೊಂದಕ್ಕೂ ಕಡ್ಡಿ ಹಾಕಿ ಬಿಡಿಸಿ, ವ್ಯಾಕ್ಸಿನಿಂದಲೇ ಅವು ಮುಚ್ಚಿಹೋಗಿರುತ್ತವೆ.